ನೀರುಗಂಟಿಯನ್ನು ಬದಲಿಸುವಾಗ

ಉಡುತಡಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಶಿಕಾರಿಪುರ ತಾಲ್ಲೂಕಿನ ಈ ಪುಟ್ಟ ಊರು ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಅಲ್ಲಿಗೆ ಹೋದವರು ಬಳ್ಳಿಗಾವಿಯ ದೇಗುಲವನ್ನೂ ತಾಳಗುಂದದ ಕಂಬವನ್ನೂ ನೋಡಿಕೊಂಡು ಬರುವುದು ವಾಡಿಕೆ. ೨೦೧೩ರ ಮಳೆಗಾಲದಲ್ಲಿ ನಾನೂ ಹಾಗೆ ಹೋಗಿದ್ದೆ. ಆದರೆ ಈ ಲೇಖನಕ್ಕೆ ಪ್ರೇರಣೆಯಾದುದು ಅಲ್ಲಿಯ ಕಲ್ಲಿನ ಬರಹವಲ್ಲ. ನಾನು ಇಳಿದುಕೊಂಡಿದ್ದ ಮನೆಯ ಯಜಮಾನರ ಕೈಯಲ್ಲಿದ್ದ ಫೋನಿನ ಬರಹ.

ಅವರು ನಿವೃತ್ತ ಉಪಾಧ್ಯಾಯರು. ಹತ್ತು ವರ್ಷಗಳಿಂದ ಒಂದೇ ಕಂಪನಿಯ ಫೋನನ್ನು ಬಳಸಿಕೊಂಡು ಬಂದವರು. ಆ ಕಂಪನಿಗೆ ಕಷ್ಟಕಾಲ ಬಂದು, ಅದು ತನ್ನ ಹಳೆಯ ವ್ಯವಸ್ಥೆಯನ್ನು ಕೈಬಿಟ್ಟು ಹೊಸದೊಂದನ್ನು ಹೂಡಿದಾಗಲೂ ಇವರು ನಿಷ್ಠೆಯನ್ನು ಬದಲಿಸದೆ ಅದೇ ಹೆಸರಿನ ಹೊಸ ಫೋನನ್ನು ಕೊಂಡರು. ಪೇಟೆಯ ಅಂಗಡಿಯಾತ ಹಳೆಯದರಲ್ಲಿದ್ದ ಹೆಸರುಗಳ ಪಟ್ಟಿಯನ್ನು ಹೊಸದಕ್ಕೆ ದಾಟಿಸಿಕೊಟ್ಟನು. ಮನೆಗೆ ಬಂದು ನೋಡಿದರೆ, ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದ ಹೆಸರುಗಳೆಲ್ಲ ಸಾಲುಸಾಲಾದ ಸಣ್ಣ ಚೌಕಗಳಾಗಿದ್ದುವು! ಸಂಖ್ಯೆಗಳ ಕೊನೆಯ ಅಂಕಿಗಳಿಂದ ಇದು ಸೊಸೈಟಿ, ಇದು ಅಕ್ಕನ ಮಗ, ಇದು ಸೊರಬದ ಬೀಗರು ಎಂದು ಅವರು ಗುರುತಿಸುತ್ತಿದ್ದರು. ಸಂದೇಶಗಳಂತೂ ಬಂದೇ ಇರಲಿಲ್ಲ. ಅವುಗಳಲ್ಲಿ ಹಿಂದಿನ ವರ್ಷ ತೀರಿಕೊಂಡ ತಮ್ಮ ಕಳುಹಿಸಿದ್ದುವೂ ಇದ್ದುವು. “ಫೋನನ್ನು ಅವರು ಮಾಡಿದರು, ಸರಿ, ಹೆಸರುಗಳನ್ನು ಬರೆದವನು ನಾನಲ್ಲವೆ?” ಎಂದು ಅವರು ಕೇಳಿದ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಕಷ್ಟದಲ್ಲಿರುವ ಕಂಪನಿಯೊಂದು ತನ್ನ ಯಂತ್ರದ ಅಡಿಪಾಯವನ್ನೇ ಬದಲಿಸಬಹುದು, ಎಷ್ಟೋ ವೇಳೆ ಬದಲಿಸಲೇಬೇಕು. ಆದರೆ ಬಳಕೆದಾರನು ಆ ಯಂತ್ರದಲ್ಲಿ ಕೂಡಿಟ್ಟದ್ದೂ ಅವನ ಬೆರಳು ಕಲಿತದ್ದೂ ಕಂಪನಿಯ ಸೊತ್ತಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ಮರೆತ ಕಂಪನಿಗಳು ಧರ್ಮದಲ್ಲಿ ಮಾತ್ರವಲ್ಲ, ವ್ಯಾಪಾರದಲ್ಲಿಯೂ ಸೋತಿವೆ.

ಈ ಅಡಿಪಾಯವೆಂದರೇನು? ಇದನ್ನು ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತಾರೆ. ಹೆಸರು ಭಾರವಾದುದಾದರೂ ವಿಷಯ ನಮ್ಮ ಕೆರೆಯ ನೀರುಗಂಟಿಯನ್ನು ಬಲ್ಲವರಿಗೆ ಹೊಸದಲ್ಲ. ಕೆರೆಯಲ್ಲಿರುವ ನೀರು ಇಷ್ಟೇ, ಗದ್ದೆಗಳು ಹಲವು. ಯಾವ ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂಬುದನ್ನು ನೀರುಗಂಟಿ ನಿರ್ಧರಿಸುತ್ತಾನೆ. ರೈತರು ತಾವೇ ಹೋಗಿ ತೂಬನ್ನು ಮುಟ್ಟುವಂತಿಲ್ಲ, ಅವನನ್ನು ಕೇಳಬೇಕು. ಫೋನಿನಲ್ಲಿಯೂ ಸಂಸ್ಕಾರಕದ ಕಾಲ, ಸ್ಮೃತಿಯ ಸ್ಥಳ, ಬ್ಯಾಟರಿಯ ಶಕ್ತಿ ಇವೆಲ್ಲ ಮಿತವಾದುವು. ಅವನ್ನು ಕೇಳುವ ಆಪ್‌ಗಳು ಹಲವು. ಕೇಳಿದವರಿಗೆ ಹಂಚುವ ಕೆಲಸ ಕಾರ್ಯಾಚರಣಾ ವ್ಯವಸ್ಥೆಯದು. ಪ್ರತಿಯೊಂದು ಆಪ್ ತನ್ನ ನೀರುಗಂಟಿಯ ಭಾಷೆಯಲ್ಲಿಯೇ ಬೇಡಿಕೆಯನ್ನು ಸಲ್ಲಿಸುವಂತೆ ಬರೆಯಲ್ಪಟ್ಟಿರುತ್ತದೆ. ಒಬ್ಬನಿಗಾಗಿ ಬರೆದುದು ಇನ್ನೊಬ್ಬನಿಗೆ ಅರ್ಥವಾಗದು. ಆದುದರಿಂದ ವ್ಯವಸ್ಥೆಯನ್ನು ಬದಲಿಸುವುದೆಂದರೆ ಪೈರು ನಿಂತಿರುವಾಗಲೇ ನೀರುಗಂಟಿಯನ್ನೂ ತೂಬನ್ನೂ ಕಾಲುವೆಯನ್ನೂ ಒಟ್ಟಿಗೆ ಬದಲಿಸಿದಂತೆ. ಮಧ್ಯದಲ್ಲಿ ಎಷ್ಟು ಗದ್ದೆಗಳು ಒಣಗುತ್ತವೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಕಂಪನಿಗಳಲ್ಲಿ ಒಂದು ಕೆನಡಾ ದೇಶದ ವಾಟರ್‌ಲೂ ನಗರದ ಬ್ಲ್ಯಾಕ್‌ಬೆರಿ. ೧೯೮೪ರಲ್ಲಿ ರಿಸರ್ಚ್ ಇನ್ ಮೋಷನ್ ಎಂಬ ಹೆಸರಿನಿಂದ ಹುಟ್ಟಿದ ಇದು ೧೯೯೯ರಲ್ಲಿ ಬ್ಲ್ಯಾಕ್‌ಬೆರಿ ಎಂಬ ಪೇಜರನ್ನು ಹೊರತಂದಿತು. ಮುಂದೆ ಅದೇ ಫೋನಾಯಿತು. ಅಂಗೈಯೊಳಗೆ ಅಡಗುವ ಕೀಲಿಮಣೆ, ಎರಡು ಹೆಬ್ಬೆರಳುಗಳಿಂದ ನೋಡದೆಯೇ ಬರೆಯಬಲ್ಲ ಸೌಕರ್ಯ, ನಡುವೆ ಸಣ್ಣದೊಂದು ಗುಂಡು, ಅದರ ಪಕ್ಕದಲ್ಲಿ ಪಟ್ಟಿಯ ಗುಂಡಿ ಮತ್ತು ಹಿಂದಕ್ಕೆ ಹೋಗುವ ಗುಂಡಿ—ಇವುಗಳಿಗೆ ಒಗ್ಗಿದ ಬೆರಳುಗಳು ಬೇರಾವುದನ್ನೂ ಒಪ್ಪುತ್ತಿರಲಿಲ್ಲ. ೨೦೧೨ರ ಸುಮಾರಿಗೆ ಇದರ ಬಳಕೆದಾರರ ಸಂಖ್ಯೆ ೮ ಕೋಟಿಯ ಆಸುಪಾಸಿನಲ್ಲಿತ್ತು. ಆದರೆ ಆ ವೇಳೆಗಾಗಲೇ ಕಂಪನಿಯ ಬುಡ ಸಡಿಲವಾಗಿತ್ತು. ೨೦೦೭ರಲ್ಲಿ ಬಂದ ಐಫೋನ್ ಮತ್ತು ಮರುವರ್ಷ ಬಂದ ಆಂಡ್ರಾಯ್ಡ್ ಫೋನುಗಳು ಜನರ ನಿರೀಕ್ಷೆಯನ್ನೇ ಮಾರ್ಪಡಿಸಿದ್ದುವು. ಪೇಜರಿನ ಕಾಲದಲ್ಲಿ, ಎಳ್ಳಷ್ಟು ಸ್ಮೃತಿಯಲ್ಲಿ ಬದುಕಬೇಕೆಂದು ರಚಿಸಿದ ಹಳೆಯ ವ್ಯವಸ್ಥೆಗೆ ಈ ಹೊಸ ಭಾರವನ್ನು ಹೊರುವ ಶಕ್ತಿ ಇರಲಿಲ್ಲ. ತೇಪೆ ಹಾಕಿ ಹಾಕಿ ಸಾಕಾಗಿತ್ತು. ಆದುದರಿಂದ ಬದಲಾವಣೆ ಬೇಡವಾಗಿತ್ತೆಂದು ಹೇಳುವವರೊಡನೆ ನಾನು ಸೇರಲಾರೆ.

ಕಂಪನಿ ಆರಿಸಿಕೊಂಡ ಹೊಸ ವ್ಯವಸ್ಥೆಯೂ ಉತ್ತಮವಾದುದೇ. ೨೦೧೦ರಲ್ಲಿ ಅದು ಕ್ಯೂಎನ್ಎಕ್ಸ್ ಎಂಬ ತಂತ್ರಾಂಶ ಸಂಸ್ಥೆಯನ್ನು ಕೊಂಡಿತು. ಕ್ಯೂಎನ್ಎಕ್ಸ್‌ನ ರಚನೆ ಶಾಸ್ತ್ರದೃಷ್ಟಿಯಿಂದ ಬಹಳ ಸೊಗಸಾದುದು. ಸಾಮಾನ್ಯ ವ್ಯವಸ್ಥೆಗಳಲ್ಲಿ ಒಬ್ಬ ನೀರುಗಂಟಿಯೇ ತೂಬು, ಕಾಲುವೆ, ಏರಿ, ಕೋಡಿ ಎಲ್ಲವನ್ನೂ ನೋಡಿಕೊಳ್ಳುತ್ತಾನೆ. ಅವನು ಎಡವಿದರೆ ಇಡೀ ಕೆರೆಗೆ ಅಪಾಯ. ಕ್ಯೂಎನ್ಎಕ್ಸ್‌ನಲ್ಲಿ ನಡುವಿನವನ ಕೆಲಸ ಅತ್ಯಲ್ಪ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿ, ಯಾರ ಸರದಿ ಯಾವಾಗ ಎಂಬುದನ್ನು ಹೇಳುವುದಷ್ಟೇ. ಉಳಿದ ಒಂದೊಂದು ಕೆಲಸಕ್ಕೂ ಪ್ರತ್ಯೇಕವಾದ ಆಳು. ಒಬ್ಬ ಆಳು ಬಿದ್ದರೆ ಅವನನ್ನು ಎಬ್ಬಿಸಿ ನಿಲ್ಲಿಸಬಹುದು. ಉಳಿದವರ ಕೆಲಸ ನಿಲ್ಲುವುದಿಲ್ಲ. ಇಂದು ೨೦ ಕೋಟಿಗೂ ಹೆಚ್ಚು ಮೋಟಾರು ವಾಹನಗಳಲ್ಲಿ ಕ್ಯೂಎನ್ಎಕ್ಸ್ ಕೆಲಸಮಾಡುತ್ತಿದೆ ಎಂದರೆ ಅದರ ಯೋಗ್ಯತೆಗೆ ಬೇರೆ ಸಾಕ್ಷ್ಯ ಬೇಡ. ಬ್ಲ್ಯಾಕ್‌ಬೆರಿ ಫೋನು ಸೋತದ್ದು ಅಡಿಪಾಯದ ದೋಷದಿಂದಲ್ಲ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ಹಾಗಾದರೆ ಎಡವಿದ್ದೆಲ್ಲಿ? ಮೊದಲು ಕ್ರಮದಲ್ಲಿ. ೨೦೧೧ರ ಏಪ್ರಿಲಿನಲ್ಲಿ ಹೊಸ ವ್ಯವಸ್ಥೆಯ ಮೇಲೆ ಪ್ಲೇಬುಕ್ ಎಂಬ ಹಲಗೆಯಾಕಾರದ ಗಣಕ ಬಂದಿತು. ಇ-ಅಂಚೆಯಿಂದಲೇ ಲೋಕಪ್ರಸಿದ್ಧವಾದ ಕಂಪನಿಯ ಈ ಗಣಕದಲ್ಲಿ ಇ-ಅಂಚೆಯ ಸ್ವಂತ ಆಪ್ ಇರಲಿಲ್ಲ! ಅಂಚೆಯನ್ನು ನೋಡಬೇಕಾದರೆ ಪಕ್ಕದಲ್ಲಿ ಬ್ಲ್ಯಾಕ್‌ಬೆರಿ ಫೋನನ್ನು ಇಟ್ಟುಕೊಳ್ಳಬೇಕಿತ್ತು. ಈ ಕೊರತೆ ತುಂಬಿದುದು ೨೦೧೨ರ ಫೆಬ್ರವರಿಯಲ್ಲಿ. ಹೊಸ ಫೋನಿಗಾಗಿ ಕಾದವರು ಮತ್ತೂ ಒಂದು ವರ್ಷ ಕಾಯಬೇಕಾಯಿತು. ಕೊನೆಗೆ ೨೦೧೩ರ ಜನವರಿ ೩೦ರಂದು ಬ್ಲ್ಯಾಕ್‌ಬೆರಿ ೧೦ ಎಂಬ ಹೊಸ ವ್ಯವಸ್ಥೆ ಬೆಳಕಿಗೆ ಬಂದಾಗ ಮೊದಲು ಅಂಗಡಿಯನ್ನು ಸೇರಿದ ಜ಼ಡ್ ೧೦ ಫೋನಿನಲ್ಲಿ ಕೀಲಿಮಣೆಯೇ ಇಲ್ಲ, ಬರಿಯ ಗಾಜು. ಕೀಲಿಮಣೆಯುಳ್ಳ ಕ್ಯೂ ೧೦ ಕೆಲವು ತಿಂಗಳು ತಡವಾಗಿ ಬಂದಿತು. ಅದರಲ್ಲಿಯೂ ಆ ಗುಂಡಾಗಲಿ, ಪಟ್ಟಿಯ ಗುಂಡಿಯಾಗಲಿ, ಕರೆ ಸ್ವೀಕರಿಸುವ ಗುಂಡಿಯಾಗಲಿ ಇರಲಿಲ್ಲ. ಹತ್ತು ವರ್ಷ ಬೆರಳು ಕಲಿತುದೆಲ್ಲ ಒಂದು ದಿನದಲ್ಲಿ ನಿಷ್ಪ್ರಯೋಜಕವಾಯಿತು.

ಆಪ್‌ಗಳ ವಿಷಯದಲ್ಲಿ ನಡೆದುದು ಇನ್ನೂ ವಿಚಿತ್ರ. ಹಳೆಯ ವ್ಯವಸ್ಥೆಗಾಗಿ ಜಾವಾ ಭಾಷೆಯಲ್ಲಿ ಬರೆದ ಆಪ್‌ಗಳು ಹೊಸದರಲ್ಲಿ ನಡೆಯುತ್ತಿರಲಿಲ್ಲ. ಆದರೆ ಅದೇ ಹೊಸ ವ್ಯವಸ್ಥೆಯಲ್ಲಿ, ಎದುರಾಳಿಯಾದ ಆಂಡ್ರಾಯ್ಡ್‌ನ ಆಪ್‌ಗಳನ್ನು ನಡೆಸುವುದಕ್ಕೆ ಒಂದು ಅಂಗವನ್ನು ಮೊದಲಿನಿಂದಲೇ ಸೇರಿಸಲಾಗಿತ್ತು. ನೆರೆಯೂರಿನವರು ಬರಲೆಂದು ಸೇತುವೆ ಕಟ್ಟಿ, ತನ್ನ ಊರಿನವರನ್ನು ಹೊಳೆಯ ಆಚೆಗೇ ಬಿಟ್ಟಂತಾಯಿತು. ಹೊಸ ಗಿರಾಕಿಗಳ ಆಸೆಯಲ್ಲಿ ಮಾಡಿದ ಲೆಕ್ಕವಿದು. ಬರಬೇಕಾದವರು ಬರಲಿಲ್ಲ, ಇದ್ದವರೂ ಉಳಿಯಲಿಲ್ಲ. ೨೦೧೩ರ ಸೆಪ್ಟೆಂಬರಿನಲ್ಲಿ, ಮಾರಾಟವಾಗದೆ ಉಳಿದ ಜ಼ಡ್ ೧೦ ಫೋನುಗಳ ಬಾಬ್ತು ಕಂಪನಿ ತನ್ನ ಲೆಕ್ಕದಿಂದ ಕಳೆದುಕೊಂಡ ಮೊತ್ತ ಸುಮಾರು ೯೩ ಕೋಟಿ ಡಾಲರು. ನ್ಯಾಯವಾಗಿ ಹೇಳಬೇಕಾದರೆ, ಹೆಸರು, ವಿಳಾಸಗಳನ್ನು ಹಳೆಯದರಿಂದ ಹೊಸದಕ್ಕೆ ದಾಟಿಸಿಕೊಳ್ಳಲು ಅದು ಸಾಧನವನ್ನು ಒದಗಿಸಿತ್ತು. ಆ ಮಟ್ಟಿಗೆ ಮೆಚ್ಚಬೇಕು. ೨೦೧೪ರ ಡಿಸೆಂಬರಿನಲ್ಲಿ ಹಳೆಯ ಗುಂಡಿಗಳನ್ನೆಲ್ಲ ಮರಳಿ ಜೋಡಿಸಿ ಕ್ಲಾಸಿಕ್ ಎಂಬ ಫೋನನ್ನೂ ಹೊರತಂದಿತು. ಆ ಫೋನು ಎರಡು ವರ್ಷ ಮೊದಲು ಬಂದಿದ್ದರೆ ಏನಾಗುತ್ತಿತ್ತೋ ಹೇಳಬರುವಂತಿಲ್ಲ. ಬಂದಾಗ ಮಾತ್ರ ಜಾತ್ರೆ ಮುಗಿದಿತ್ತು. ೨೦೧೬ರಲ್ಲಿ ಕಂಪನಿ ತಾನೇ ಫೋನು ತಯಾರಿಸುವುದನ್ನು ಬಿಡುವುದಾಗಿ ಪ್ರಕಟಿಸಿತು. ೨೦೨೨ರ ಜನವರಿ ೪ರಂದು ಹಳೆಯ ವ್ಯವಸ್ಥೆಯ ಸೇವೆಗಳೂ ಬ್ಲ್ಯಾಕ್‌ಬೆರಿ ೧೦ರ ಸೇವೆಗಳೂ ಒಟ್ಟಿಗೇ ನಿಂತುವು.

ನಮ್ಮ ಹಳ್ಳಿಗಳಿಗೆ ಹೆಚ್ಚು ಪರಿಚಿತವಾದ ನೋಕಿಯಾದ ಕತೆ ಇದಕ್ಕಿಂತ ದುಃಖಕರ. ೨೦೦೩ರಲ್ಲಿ ಅದು ತಂದ ೧೧೦೦ ಎಂಬ ಫೋನಿನ ತಲೆಯ ಮೇಲಿನ ಸಣ್ಣ ದೀಪವನ್ನು ಮಲೆನಾಡಿನವರು ಮರೆಯಲಾರರು. ದೂಳು ಹೋಗದ ಆ ಕೀಲಿಮಣೆಯನ್ನೂ ಅಷ್ಟೆ. ೨೦೦೬ರಿಂದ ತಮಿಳುನಾಡಿನ ಶ್ರೀಪೆರುಂಬುದೂರಿನಲ್ಲಿ ಅದರ ಕಾರ್ಖಾನೆಯೂ ನಡೆಯುತ್ತಿತ್ತು. ೨೦೧೦ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಸ್ಮಾರ್ಟ್‌ಫೋನುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು, ನೋಕಿಯಾ ಬಳಸುತ್ತಿದ್ದ ಸಿಂಬಿಯನ್ ವ್ಯವಸ್ಥೆಯವು. ೨೦೧೧ರ ಫೆಬ್ರವರಿಯಲ್ಲಿ ಅದರ ಮುಖ್ಯಾಧಿಕಾರಿ ಸ್ಟೀಫನ್ ಇಲಾಪ್, ಸಿಂಬಿಯನನ್ನು ಬಿಟ್ಟು ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ವ್ಯವಸ್ಥೆಯನ್ನು ಹಿಡಿಯುವುದಾಗಿ ಸಾರಿದರು. ಆದರೆ ಹೊಸ ವ್ಯವಸ್ಥೆಯ ಮೊದಲ ಲೂಮಿಯಾ ಫೋನುಗಳು ಪ್ರಕಟವಾದುದು ಅಕ್ಟೋಬರಿನಲ್ಲಿ. ಹೊಸ ನೀರುಗಂಟಿ ಊರಿಗೆ ಬರುವುದಕ್ಕೆ ಎಂಟು ತಿಂಗಳ ಮೊದಲೇ ಹಳಬನು ಸಾಯುತ್ತಾನೆಂದು ಡಂಗುರ ಹೊಡೆಸಿದರೆ ಅವನ ಮಾತನ್ನು ಕೇಳುವವರಾರು? ಇಷ್ಟಾದರೂ ನಂಬಿ ಲೂಮಿಯಾ ಕೊಂಡವರಿಗೆ ೨೦೧೨ರ ಜೂನಿನಲ್ಲಿ ಇನ್ನೊಂದು ಪೆಟ್ಟು ಬಿತ್ತು: ಮುಂದಿನ ವಿಂಡೋಸ್ ಫೋನ್ ೮ ವ್ಯವಸ್ಥೆಯನ್ನು ಅವರ ಫೋನುಗಳಿಗೆ ಕೊಡಲಾಗುವುದಿಲ್ಲವೆಂದು ತಿಳಿಸಲಾಯಿತು. ಹೊಸ ವ್ಯವಸ್ಥೆಯ ತಿರುಳು ಬೇರೆಯಾಗಿತ್ತು ಎಂಬ ತಾಂತ್ರಿಕ ಕಾರಣ ಸತ್ಯವೇ ಇರಬಹುದು. ಆರು, ಎಂಟು ತಿಂಗಳ ಹಿಂದೆ ಹಣ ತೆತ್ತವನಿಗೆ ಅದರಿಂದ ಸಮಾಧಾನವಾಗದು. ೨೦೧೪ರ ಏಪ್ರಿಲಿನಲ್ಲಿ ಫೋನಿನ ವಿಭಾಗವೇ ಮೈಕ್ರೋಸಾಫ್ಟ್‌ನ ಪಾಲಾಯಿತು. ಅದೇ ವರ್ಷ ಶ್ರೀಪೆರುಂಬುದೂರಿನ ಕಾರ್ಖಾನೆಯೂ ಮುಚ್ಚಿತು.

ಕಷ್ಟದಲ್ಲಿರುವ ಕಂಪನಿಗೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಸಾಕುವ ಶಕ್ತಿ ಎಲ್ಲಿಯದು ಎಂದು ಕೇಳುವವರುಂಟು. ಗಂಭೀರವಾದ ಆಕ್ಷೇಪಣೆಯೇ. ಆದರೆ ಇದಕ್ಕೆ ಎದುರಾದ ಉದಾಹರಣೆ ನಮ್ಮ ಕಣ್ಣ ಮುಂದಿದೆ. ೧೯೯೭ರಲ್ಲಿ ಆಪಲ್ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಆ ಒಂದೇ ವರ್ಷದ ನಷ್ಟ ೧೦೦ ಕೋಟಿ ಡಾಲರಿಗೂ ಮಿಕ್ಕಿದ್ದಿತು. ಅದರ ಮ್ಯಾಕಿಂಟೋಷ್ ಗಣಕದ ವ್ಯವಸ್ಥೆಯೂ ಹಳತಾಗಿತ್ತು. ನೆಕ್ಸ್ಟ್ ಎಂಬ ಸಂಸ್ಥೆಯನ್ನು ಕೊಂಡು, ಅದರ ತಿರುಳಿನ ಮೇಲೆ ಹೊಸ ವ್ಯವಸ್ಥೆಯನ್ನು ಕಟ್ಟಿ, ೨೦೦೧ರ ಮಾರ್ಚಿನಲ್ಲಿ ಅದನ್ನು ಜನರ ಕೈಗಿತ್ತಿತು. ಅಡಿಪಾಯ ಸಂಪೂರ್ಣವಾಗಿ ಬೇರೆ. ಆದರೂ ಹಳೆಯ ತಂತ್ರಾಂಶಗಳು ಹೊಸದರೊಳಗೇ ಕ್ಲಾಸಿಕ್ ಎಂಬ ಕೋಣೆಯೊಂದರಲ್ಲಿ ನಡೆಯುವಂತೆ ಏರ್ಪಡಿಸಿತ್ತು. ತಂತ್ರಾಂಶ ಬರೆಯುವವರು ಅಲ್ಪಸ್ವಲ್ಪ ತಿದ್ದಿ ಹೊಸದಕ್ಕೆ ಹೊಂದಿಸಿಕೊಳ್ಳಲು ಕಾರ್ಬನ್ ಎಂಬ ನಡುಮಾರ್ಗವನ್ನೂ ಒದಗಿಸಿತ್ತು. ೨೦೦೨ರ ಮೇ ತಿಂಗಳಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಶವಪೆಟ್ಟಿಗೆಯನ್ನು ತರಿಸಿ ಹಳೆಯ ವ್ಯವಸ್ಥೆಗೆ ಉತ್ತರಕ್ರಿಯೆಯ ಆಟವಾಡಿದರು. ತಮಾಷೆಯೆಂದರೆ, ಆ ಶವ ಮತ್ತೂ ಕೆಲವು ವರ್ಷ ಬಳಕೆದಾರರ ಮನೆಗಳಲ್ಲಿ ಕೆಲಸಮಾಡುತ್ತಲೇ ಇತ್ತು! ಕ್ಲಾಸಿಕ್ ಕೋಣೆಯ ಬಾಗಿಲು ಪೂರ್ಣವಾಗಿ ಮುಚ್ಚಿದುದು ೨೦೦೭ರಲ್ಲಿ. ಸೇತುವೆ ಶಾಶ್ವತವಾಗಿರಬೇಕಾಗಿಲ್ಲ. ಜನ ದಾಟುವವರೆಗೆ ನಿಂತರೆ ಸಾಕು.

ದೂರದ ದೇಶಗಳ ಮಾತೇಕೆ? ಕನ್ನಡವೇ ಇಂತಹ ಒಂದು ದಾಟುವಿಕೆಯನ್ನು ಅನುಭವಿಸಿದೆ. ಗಣಕದಲ್ಲಿ ಕನ್ನಡವನ್ನು ಬರೆಯತೊಡಗಿದ ಕಾಲದಲ್ಲಿ ನಮ್ಮ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆ ಕೂರಿಸುತ್ತಿದ್ದರು. ತಕ್ಕ ಅಚ್ಚು ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿತ್ತಾದರೂ ಬಳಕೆಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಹಳೆಯ ಪದ್ಧತಿಯಿಂದ ಯೂನಿಕೋಡಿಗೆ ಸಾಗಿದಾಗ ಒಳಗಿನ ಲೆಕ್ಕವೆಲ್ಲ ಬದಲಾಯಿತು, ಆದರೆ ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ ಹಾಗೆಯೇ ಉಳಿಯಿತು. ಕಚೇರಿಯ ಬೆರಳಚ್ಚುಗಾರರು ಹೊಸದಾಗಿ ಕಲಿಯಬೇಕಾದುದು ಏನೂ ಇರಲಿಲ್ಲ. ಅಡಿಪಾಯ ಬದಲಾದುದು ಬೆರಳುಗಳಿಗೆ ತಿಳಿಯಲೇ ಇಲ್ಲ. ಕೋಟ್ಯಂತರ ಡಾಲರುಗಳ ಬ್ಲ್ಯಾಕ್‌ಬೆರಿಗೆ ಹೊಳೆಯದ ಸೂಕ್ಷ್ಮವಿದು ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ.

ಬೆರಳುಗಳ ಮಟ್ಟಿಗೆ ಗೆದ್ದೆವು. ಕೂಡಿಟ್ಟ ಬರಹದ ವಿಷಯದಲ್ಲಿ ಅಷ್ಟು ಸುಲಭವಾಗಲಿಲ್ಲ. ‘ಸೂರ್ಯ’ ಎಂಬ ಶಬ್ದವನ್ನೇ ನೋಡಿ. ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಂತೆ ಮೊದಲು ‘ಸೂ’, ಅನಂತರ ‘ಯ’, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ನಾಲಗೆ ನುಡಿಯುವ ಕ್ರಮ: ‘ಸೂ’, ‘ರ್’, ‘ಯ’. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ತಂತ್ರಾಂಶ ಪ್ರತಿಯೊಂದು ಅರ್ಕಾವೊತ್ತನ್ನೂ ಹುಡುಕಿ ಹಿಂದಕ್ಕೆ ಸರಿಸಬೇಕು. ಅಲ್ಲಲ್ಲಿ ತಪ್ಪುವುದುಂಟು, ಪರಿವರ್ತಿತವಾದ ಲೇಖನಗಳನ್ನು ತಿದ್ದಿದವರಿಗೆ ಆ ಬವಣೆ ಗೊತ್ತು. ಹಾಗೆಂದು ಪರಿವರ್ತಕವೇ ಇಲ್ಲದಿದ್ದರೆ ಒಂದು ತಲೆಮಾರಿನ ಕನ್ನಡ ಗಣಕ ಬರಹವೆಲ್ಲ ಮೂಕವಾಗುತ್ತಿತ್ತು.

ಉಡುತಡಿಯ ನೆಲದಲ್ಲಿ ನಿಂತು ಈ ಮಾತನ್ನಾಡುವಾಗ ಹಳೆಯ ಪ್ರತಿಕಾರರು ನೆನಪಾಗದೆ ಇರರು. ಹನ್ನೆರಡನೆಯ ಶತಮಾನದ ಅಕ್ಕನ ವಚನಗಳು ನಮ್ಮ ಕೈ ಸೇರಿರುವುದು ಒಂದು ತಾಳೆಗರಿ ಶಿಥಿಲವಾಗುವ ಮೊದಲು ಇನ್ನೊಂದಕ್ಕೆ ಯಾರೋ ಪ್ರತಿ ಮಾಡಿಕೊಂಡುದರಿಂದ. ಕಳೆದ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ಓಲೆಗಳನ್ನು ಅರಸಿ ವಚನಗಳನ್ನು ಅಚ್ಚು ಹಾಕಿಸಿದುದರಿಂದ. ಪಕ್ಕದ ತಾಳಗುಂದದ ಕಂಬದ ಮೇಲಿರುವ ಐದನೆಯ ಶತಮಾನದ ಕದಂಬ ಶಾಸನ ಕಲ್ಲಾದುದರಿಂದ ಉಳಿದಿದೆ, ನಿಜ. ಆದರೆ ಅಲ್ಲಿಯ ಲಿಪಿಯನ್ನು ಓದಲು ಇಂದು ತಜ್ಞರೇ ಬೇಕು. ವಸ್ತು ಉಳಿದರೂ ಓದುವ ಬಗೆ ಉಳಿಯದಿದ್ದರೆ ಊರಿನವರಿಗೆ ಅದೂ ಚೌಕಗಳ ಸಾಲೇ ಸರಿ.

ಇಷ್ಟನ್ನೂ ಕಂಪನಿಗಳ ಸೌಜನ್ಯಕ್ಕೆ ಬಿಟ್ಟರೆ ನಡೆಯದು ಎಂಬುದು ನನ್ನ ನಿಶ್ಚಿತ ಮತ. ಮುಳುಗುವ ಹಡಗಿನ ನಾಯಕನು ಪ್ರಯಾಣಿಕರ ಗಂಟುಗಳನ್ನು ನೆನೆಯುವುದು ಕಷ್ಟ. ಆದುದರಿಂದಲೇ ಹಡಗು ಹೊರಡುವ ಮೊದಲೇ ನಿಯಮವಿರಬೇಕು. ಯುರೋಪಿನ ಒಕ್ಕೂಟದಲ್ಲಿ ೨೦೧೮ರಿಂದ, ತಾನು ಒಪ್ಪಿಸಿದ ಮಾಹಿತಿಯನ್ನು ಬೇರೆಡೆಗೆ ಒಯ್ಯಬಲ್ಲ ರೂಪದಲ್ಲಿ ಹಿಂದಕ್ಕೆ ಪಡೆಯುವ ಹಕ್ಕು ನಾಗರಿಕನಿಗಿದೆ. ೨೦೨೫ರ ಜೂನ್ ೨೦ರಿಂದ ಅಲ್ಲಿ ಜಾರಿಯಲ್ಲಿರುವ ಇನ್ನೊಂದು ನಿಯಮದಂತೆ, ಸ್ಮಾರ್ಟ್‌ಫೋನಿನ ಒಂದು ಮಾದರಿಯ ಮಾರಾಟ ನಿಂತ ಮೇಲೆಯೂ ಕನಿಷ್ಠ ೫ ವರ್ಷ ಅದರ ವ್ಯವಸ್ಥೆಗೆ ಪರಿಷ್ಕರಣಗಳು ದೊರೆಯಬೇಕು. ನಮ್ಮಲ್ಲಿ ವೈಯಕ್ತಿಕ ಮಾಹಿತಿಯನ್ನು ಕುರಿತ ೨೦೧೮ ಮತ್ತು ೨೦೧೯ರ ಕರಡುಗಳಲ್ಲಿ ಮಾಹಿತಿಯನ್ನು ಒಯ್ಯುವ ಹಕ್ಕು ಇದ್ದಿತು. ೨೦೨೩ರಲ್ಲಿ ಅಂಗೀಕೃತವಾದ ಕಾಯಿದೆಯಲ್ಲಿ ಅದು ಕಾಣೆಯಾಗಿದೆ. ಏಕೆ ಬಿಟ್ಟರೋ! ಬ್ಯಾಂಕಿನ ಹಣ, ಪಡಿತರ, ಪಹಣಿ, ಅಡಕೆಯ ಧಾರಣೆ ಎಲ್ಲವೂ ಫೋನಿನ ಮೂಲಕ ನಡೆಯುತ್ತಿರುವ ಈ ದೇಶದಲ್ಲಿ ಆ ಹಕ್ಕು ಯುರೋಪಿಗಿಂತ ಹೆಚ್ಚು ಅಗತ್ಯವಾದುದು. ಅದು ಮತ್ತೆ ಸೇರಬೇಕು. ಸೇರುವಾಗ, ದಾಟಿಸಿದ ಬರಹ ಬಳಕೆದಾರನ ಭಾಷೆಯಲ್ಲಿ ಓದಲು ಬರುವಂತಿರಬೇಕೆಂಬ ಷರತ್ತೂ ಸೇರಬೇಕು.

ಈ ಷರತ್ತು ಅತಿಯಾಯಿತೆಂದು ಭಾವಿಸುವವರಿಗಾಗಿ ಉಪಾಧ್ಯಾಯರ ಫೋನಿನ ಕತೆಯನ್ನು ಪೂರೈಸುತ್ತೇನೆ. ಆ ಸಂಜೆ ಅವರ ಪಟ್ಟಿಯನ್ನು ನನ್ನ ಆಂಡ್ರಾಯ್ಡ್ ಫೋನಿಗೆ ಕಳುಹಿಸಿಕೊಂಡು ನೋಡಿದೆ. ೨೦೧೨ರಲ್ಲಿ ಬಂದ ಆಂಡ್ರಾಯ್ಡ್ ೪.೧ರ ಆವೃತ್ತಿಯಿಂದ ಕನ್ನಡ ಅಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಸೌಕರ್ಯ ಆ ವ್ಯವಸ್ಥೆಗಿತ್ತು. ಹೆಸರುಗಳೆಲ್ಲ ಒಂದೂ ತಪ್ಪದೆ ಮೂಡಿದುವು! ಅವು ಕಳೆದುಹೋಗಿರಲೇ ಇಲ್ಲ. ಪ್ರತಿಯೊಂದು ಅಕ್ಷರದ ಸಂಖ್ಯೆಯೂ ಅವರ ಹೊಸ ಫೋನಿನಲ್ಲಿ ಭದ್ರವಾಗಿತ್ತು. ಆ ಸಂಖ್ಯೆಗೆ ತಕ್ಕ ಅಕ್ಷರದ ಆಕಾರವನ್ನು ಅದರಲ್ಲಿ ಇಟ್ಟಿರಲಿಲ್ಲ, ಅಷ್ಟೆ. ಒಂದು ಛಾಯಾಚಿತ್ರಕ್ಕಿಂತ ಕಡಮೆ ಸ್ಥಳವನ್ನು ಬೇಡುವ ಕನ್ನಡ ಅಚ್ಚೊಂದನ್ನು ಸೇರಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಉಪಾಧ್ಯಾಯರು ನನ್ನ ಫೋನನ್ನು ಕೈಗೆ ತೆಗೆದುಕೊಂಡು ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಮರುವರ್ಷ ಅವರೂ ಕನ್ನಡ ಬಲ್ಲ ಬೇರೊಂದು ಫೋನನ್ನು ಕೊಂಡರೆಂದೂ ಹಳೆಯ ಕಂಪನಿಯ ಹೆಸರನ್ನು ಮತ್ತೆ ಎತ್ತಲಿಲ್ಲವೆಂದೂ ಕೇಳಿದೆ.

ತಮ್ಮನ ಸಂದೇಶಗಳು ಮಾತ್ರ ಮೊದಲ ಫೋನಿನಲ್ಲಿಯೇ ಉಳಿದುವು. ಅದರ ಬ್ಯಾಟರಿ ಉಬ್ಬಿಹೋಗಿದೆ. ಆ ಮಾದರಿಯದು ಈಗ ಬರುವುದಿಲ್ಲವೆಂದು ಶಿರಾಳಕೊಪ್ಪದ ರಿಪೇರಿಯವನು ಹೇಳಿದನಂತೆ. ಬ್ಯಾಟರಿಯನ್ನು ತೆಗೆದು, ಫೋನನ್ನು ಒಂದು ಬಟ್ಟೆಯಲ್ಲಿ ಸುತ್ತಿ ಮೇಜಿನ ಸೆಳೆಖಾನೆಯಲ್ಲಿ ಇಟ್ಟಿದ್ದಾರೆ.